ಅಪ್ಪನ ದನಿ ತುಂಬಿದ ಯಂತ್ರ

ಬುದ್ಧಿ ಹಂಚುವ ದಿನ ತಡವಾಗಿ ಹೋಗಿ ಖಾಲಿ ಚೀಲ ತಂದವನು ನಮ್ಮ ಗುರುಪಾದ. ಅವನ ತಾಯಿ ಶಾಂತವ್ವನಿಗೆ ರಾಣೆಬೆನ್ನೂರಿನಲ್ಲಿ ಲಗ್ನಪತ್ರಿಕೆ ಮಾಡುವ ಅಂಗಡಿ. ಪತ್ರಿಕೆ ಮಾಡುವ ಪ್ರೋಗ್ರಾಮು ಬರೆದವನು ಅವಳ ಗಂಡ ವೀರಭದ್ರ. ಆಚೆ ವರ್ಷ ತೀರಿಕೊಂಡ. ಕಂಪ್ಯೂಟರಿನ ಪರದೆಯ ಮೇಲೆ ಹೊಸ ಕಿಟಕಿ ತೆರೆದಾಗೆಲ್ಲ ಅವನದೇ ದನಿ, "ಬರ್ರಿ, ಕುಂಡ್ರಿ" ಅನ್ನುತ್ತಿತ್ತು. ಆ ದನಿಗಾಗಿಯೇ ಶಾಂತವ್ವ ಬೇರೆ ಪ್ರೋಗ್ರಾಮು ಹಾಕಿಸಿರಲಿಲ್ಲ.

ಆದರೆ ಮಧ್ಯಾಹ್ನದ ಹೊತ್ತಿಗೆ ಮೆಮೊರಿ ತುಂಬಿ ಯಂತ್ರ ನಿಂತುಬಿಡುತ್ತಿತ್ತು. ಏನೋ ಒಂದು ಒಳಗೇ ಉಳಿದುಕೊಳ್ಳುತ್ತಿತ್ತು. ಗುರುಪಾದ ಅಪ್ಪನ ಹತ್ತಿರ ಪ್ರೋಗ್ರಾಮು ಬರೆಯಲು ಕಲಿತಿದ್ದ. ಕೈ ಕಲಿತಿತ್ತು, ತಲೆ ಕಲಿತಿರಲಿಲ್ಲ.

"ತೆರೆದದ್ದನ್ನ ಮುಚ್ಚೋದು ಕಲಿಯೋ," ಅಂದಳು ತಾಯಿ.

ಮರುದಿನ ಅವನು ಅಂಗಡಿ ಬಾಗಿಲು ತೆರೆದ, ಕೂಡಲೇ ಮುಚ್ಚಿದ. ಗಿರಾಕಿಗಳು ಬಂದರು, ತಿರುಗಿ ಹೋದರು.

"ಅಯ್ಯ ನನ್ನ ಹಣೆಬರಹ. ಕೆಲಸ ಮುಗಿಯೂತನಕ ಇರಲಿ. ಮುಗಿದಮ್ಯಾಲೆ ಅಳಿಸು."

ಹೂಂ ಅಂದ. ಒಂದು ಮದುವೆ ಪತ್ರಿಕೆ ಚೆಂದಾಗಿ ಮುಗಿಸಿದ. ಮುಗಿಯಿತಲ್ಲ, ಅಳಿಸಿದ. ಮುದ್ರಿಸುವುದು ಇನ್ನೂ ಬಾಕಿ ಇತ್ತು. ಹುಡುಗಿಯ ಅಪ್ಪ ಬಂದು ಕೂಗಾಡಿ ಹೋದ.

"ಯಾರಿಗರೆ ಇನ್ನೂ ಬೇಕಾಗಿದ್ರ ಅಳಿಸಬ್ಯಾಡೋ ಪೆದ್ದ. ಮೊದಲ ಕೇಳು."

ಈ ಸಲ ಗುರುಪಾದ ಜಾಣನ ಹಾಗೆ ಕೂತ. ಕಿಟಕಿ ತೆರೆದ, ಮುಚ್ಚಿದ, ಮೆಮೊರಿ ನೋಡಿದ. ಮತ್ತೆ ತೆರೆದ, ಮುಚ್ಚಿದ, ನೋಡಿದ. ಕಿಟಕಿ ಹೋಗುತ್ತಿತ್ತು, ಅಪ್ಪನ ದನಿ ಮೆಮೊರಿಯಿಂದ ಹೋಗುತ್ತಿರಲಿಲ್ಲ. ಕಿಟಕಿಗೊಂದು ದನಿಯ ಹೊಸ ನಕಲು, ಒಂದರ ಮೇಲೊಂದು. ಅದನ್ನು ತೆಗೆದುಹಾಕುವ ಒಂದು ಸಾಲನ್ನು ವೀರಭದ್ರ ಬರೆಯಲು ಮರೆತಿದ್ದ. ಗುರುಪಾದ ಆ ಸಾಲು ಬರೆದ. ಬರೆದವನಿಗೆ ತಾಯಿಯ ಮಾತು ನೆನಪಾಯಿತು.

"ಅವ್ವಾ, ಅಪ್ಪನ ದನಿ ಒಳಗ ಭಾಳ ಕುಂತಾವ. ನಿನಗ ಇನ್ನೂ ಬೇಕೇನು?"

ಶಾಂತವ್ವ ಪತ್ರಿಕೆ ಮಡಚುತ್ತಿದ್ದಳು. ಒಂದು ದನಿ ಇದ್ದರೆ ಸಾಕು, ಉಳಿದದ್ದು ಬರೀ ನಕಲು ಅಂತ ಅವಳಿಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದಳು. ಆದರೆ ವೀರಭದ್ರ ಹೋದಾಗಿನಿಂದ ಬೇಕೇನು ಅಂತ ಯಾರೂ ಅವಳನ್ನು ಕೇಳಿರಲಿಲ್ಲ. ಗಂಡ ಬೇಕೆನಿಸಿತು, ತೀರಾ ಬೇಕೆನಿಸಿತು.

"ಬೇಕಪಾ," ಅಂದಳು.

ಗುರುಪಾದ ಬರೆದ ಸಾಲನ್ನು ಅಳಿಸಿದ. ಮಧ್ಯಾಹ್ನ ಯಂತ್ರ ಎಂದಿನಂತೆ ನಿಂತಿತು. ಅವನು ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತು ಗಿರಾಕಿಗೆ ಹೇಳಿದ: "ನಾಳೆ ಮುಂಜಾನೆ ಬರ್ರಿ. ಒಳಗ ಜಾಗಾ ಇಲ್ಲ, ನಮ್ಮಪ್ಪ ತುಂಬ್ಯಾನ."

ಗಿರಾಕಿ ಕಕ್ಕಾಬಿಕ್ಕಿಯಾಗಿ ಶಾಂತವ್ವನ ಕಡೆ ನೋಡಿದ. ಬೈಯಲೆಂದು ಎದ್ದ ಶಾಂತವ್ವ, "ಹೌದ್ರಿ," ಅಂದಳು.