ಬುಟ್ಟಿ ಇಳಿಸಿದ ಮಂತ್ರಿ

ಹತ್ತಿರ ಸರಿದು ಕೂತ್ಕೊಳ್ಳಿ, ಮಕ್ಕಳಾ. ಹೊಳೆಯಾಚೆ ಕಾವಳಿ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಮಗು ಹುಟ್ಟಿದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವ ರೂಢಿ. ಬರಬರುತ್ತಾ ಬಾಗಿಲುಗಳೆಲ್ಲ ಬೋಳಾದವು. ಮುದುಕರು ಹೆಚ್ಚಿದರು, ಮಕ್ಕಳು ಕಡಿಮೆಯಾದರು. ನಾಳೆ ಗದ್ದೆ ಉಳುವವರು ಯಾರು, ಮುದುಕರಿಗೆ ಗಂಜಿ ಕಾಯಿಸುವವರು ಯಾರು ಎಂದು ಅರಸ ಮಾಚರಸನಿಗೆ ಚಿಂತೆ ಹತ್ತಿತು.

ಮಂತ್ರಿ ಕೊಂಡಯ್ಯ ಮೊದಲು ಡಂಗುರ ಹೊಡೆಸಿದ, "ಮಕ್ಕಳನ್ನು ಹೆರಿ." ಯಾರೂ ಹೆರಲಿಲ್ಲ. ಆಮೇಲೆ ಹೆತ್ತವರಿಗೆ ಒಂದು ಅಚ್ಚು ಬೆಲ್ಲ ಎಂದ. ಬೆಲ್ಲ ಇರುವೆಗಳ ಪಾಲಾಯಿತು. ಮೂರನೆಯ ಸಲ ಹಲ್ಲು ಕಡಿದು, "ಬರುವ ವರ್ಷದ ದೀಪಾವಳಿಯೊಳಗೆ ಬೇವು ಕಟ್ಟದ ಮನೆಯವರು ಹೊಳೆ ದಾಟಿ ದೇಶ ಬಿಡಬೇಕು" ಎಂದು ಸಾರಿಸಿದ.

ಚೆಲುವಿ ಎಂಬವಳ ಬಾಗಿಲೂ ಬೋಳಾಗಿತ್ತು. ಅವಳೂ ಗಂಡ ಕೆಂಚನೂ ಕೋಟೆಗೆ ಕಲ್ಲು ಹೊರುವವರು. ಕೋಳಿ ಕೂಗುವಾಗ ಹೋದರೆ ದೀಪ ಹಚ್ಚುವಾಗ ಮನೆ. ನಡುವೆ ತಲೆಮೇಲಿನ ಕಲ್ಲಿನ ಬುಟ್ಟಿ ಇಳಿಸಿದರೆ ಆ ದಿನದ ಅಂಬಲಿ ಇಲ್ಲ. ಅದು ಕೊಂಡಯ್ಯನೇ ಮಾಡಿದ ಕಟ್ಟಳೆ. ಮಗುವಿನ ಆಸೆ ಅವಳಿಗೆ ಬೇಕಾದಷ್ಟಿತ್ತು, ಆದರೆ ಅತ್ತರೆ ಎತ್ತಿಕೊಳ್ಳುವವರು ಯಾರು? ಈಗ ಇದ್ದ ಗುಡಿಸಲೂ ಕೈಬಿಡುವ ಹಾಗಾಯಿತು. ಪಾತ್ರೆ ಪಡಗವನ್ನು ಅವಳು ಅಳುತ್ತಲೇ ಗಂಟು ಕಟ್ಟಿಟ್ಟಳು.

ಅರಸ ಕೋಟೆ ನೋಡಲು ಬಂದ ದಿನ ಚೆಲುವಿ ಕೈಮುಗಿದು ನಿಂತಳು.

"ಬುದ್ಧೀ, ಕೂಸಿಟ್ಕೊಂಡು ಕಲ್ಲು ಹೊರೋದು ಹೆಂಗೆ?"

ಪಕ್ಕದಲ್ಲಿದ್ದ ಕೊಂಡಯ್ಯ ನಕ್ಕ. "ಬೆನ್ನಿಗೆ ಕಟ್ಕೊಂಡು ಹೊರು. ಅದರಲ್ಲೇನು ಕಷ್ಟ?"

"ಹಂಗಾದ್ರೆ ತಾವೇ ಒಂದಿನ ಹೊತ್ತು ತೋರ್ಸಿಬಿಡಿ ಸ್ವಾಮಿ. ನಾವೆಲ್ಲ ನೋಡಿ ಕಲೀತೀವಿ."

ಅರಸನಿಗೆ ಮಾತು ಹಿಡಿಸಿತು. ತನ್ನ ಮೊಮ್ಮಗಳನ್ನೇ ತರಿಸಿ ಮಂತ್ರಿಯ ಬೆನ್ನಿಗೆ ಕಟ್ಟಿಸಿದ. ಕೊಂಡಯ್ಯ ಕಲ್ಲಿನ ಬುಟ್ಟಿಯನ್ನು ತಲೆಗೇರಿಸಿಕೊಂಡು ಹೊರಟ.

ಕೂಸು ಹಸಿದು ಅತ್ತಿತು. ಮಂತ್ರಿ ಬುಟ್ಟಿ ಇಳಿಸಿದ. "ಅಂಬಲಿ ಇಲ್ಲ ಸ್ವಾಮಿ, ತಮ್ದೇ ಕಟ್ಟಳೆ" ಅಂದ ಮೇಸ್ತ್ರಿ. ಕೂಸು ಒದ್ದೆ ಮಾಡಿಕೊಂಡು ಅತ್ತಿತು. ಮಂತ್ರಿ ಮತ್ತೆ ಬುಟ್ಟಿ ಇಳಿಸಿದ, ಕೂಸನ್ನು ಒರೆಸಿ ಅಂಗವಸ್ತ್ರವೂ ಹಾಳಾಯಿತು. ಮೂರನೆಯ ಸಲ ಕೂಸು ನಿದ್ದೆಗೆ ಅತ್ತಾಗ ಕೊಂಡಯ್ಯ ಬುಟ್ಟಿಯ ಕಡೆಗೇ ನೋಡಲಿಲ್ಲ. ಆಲದ ಮರದಡಿ ಖಾಲಿ ಹೊಟ್ಟೆಯಲ್ಲಿ ಕೂತು, ಕೂಸನ್ನು ತಟ್ಟುತ್ತಾ, "ಮಹಾಪ್ರಭು, ಇದು ನನ್ನಿಂದ ಆಗದು" ಎಂದ.

"ನಿನಗಾಗದ್ದು ಅವಳಿಗೆ ಹೇಗಯ್ಯಾ ಆಗುತ್ತೆ?" ಎಂದ ಅರಸ.

ದೇಶ ಬಿಡುವ ಆಜ್ಞೆ ಅಂದೇ ರದ್ದಾಯಿತು. ಆಲದಡಿ ತೊಟ್ಟಿಲು ತೂಗುಹಾಕಿದರು. ಕಲ್ಲು ಹೊರಲಾರದ ಅಜ್ಜ ಅಜ್ಜಿಯರು ಕೂಸುಗಳನ್ನು ನೋಡಿಕೊಂಡರು, ಅವರಿಗೂ ಅಂಬಲಿ ಸಿಕ್ಕಿತು. ಎಳೆಮಕ್ಕಳಿರುವ ತಾಯಿಗೂ ತಂದೆಗೂ ಮಧ್ಯಾಹ್ನಕ್ಕೇ ಬಿಡುವು. ತೊಟ್ಟಿಲ ಹಗ್ಗ ಎಳೆಯುವ ಮೊದಲ ಪಾಳಿ ಕೊಂಡಯ್ಯನದು.

ಆ ಸಂಜೆ ಚೆಲುವಿ ಕಟ್ಟಿಟ್ಟಿದ್ದ ಗಂಟು ಬಿಚ್ಚಿ, ಪಾತ್ರೆಗಳನ್ನು ಒಂದೊಂದಾಗಿ ಅವುಗಳ ಜಾಗಕ್ಕೆ ಇಟ್ಟಳು. ಅಬ್ಬಾ, ಎಷ್ಟು ದಿನದ ಮೇಲೆ ಅವಳಿಗೆ ಅನ್ನ ರುಚಿಸಿತು. ಮರುವರ್ಷ ಅವಳ ಬಾಗಿಲಲ್ಲಿ ಬೇವು ತೂಗಿತು. ಪಕ್ಕದ ಮನೆಯಲ್ಲಿ ತೂಗಲಿಲ್ಲ. ಯಾಕೆ ಅಂತ ಯಾರೂ ಕೇಳಲಿಲ್ಲ.

ನೀತಿ ಇಷ್ಟೇ, ಮಕ್ಕಳಾ: ಮಕ್ಕಳು ಬೇಕೆನ್ನುವ ರಾಜ್ಯ ಜನರನ್ನು ಹೆದರಿಸಬಾರದು, ಅವರ ತಲೆಮೇಲಿನ ಬುಟ್ಟಿ ಇಳಿಸಲು ಕೈ ಕೊಡಬೇಕು.