ಮ್ಯಾನೇಜರೂ ಅರ್ಧ ಸಂಬಳಕ್ಕೆ ಸಿಕ್ಕರೆ

ಮದ್ದೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅಂಗಿ ಹೊಲಿಯುವವರಿಗೆಲ್ಲ ಸಿಡಿಲು ಬಡಿದಂತಾಯಿತು. ಮ್ಯಾನೇಜರ್ ವಸಂತರಾಜ್ ಮೈಕಿನಲ್ಲಿ, "ಇಥಿಯೋಪಿಯಾದಲ್ಲಿ ಅರ್ಧ ಸಂಬಳಕ್ಕೆ ಜನ ಸಿಗುತ್ತಾರೆ. ಕಾರ್ಖಾನೆಯನ್ನು ಅಲ್ಲಿಗೇ ಸಾಗಿಸುತ್ತಿದ್ದೇವೆ," ಎಂದುಬಿಟ್ಟರು.

ಸಾಲದ್ದಕ್ಕೆ, ಮರುದಿನ ಮಾಲೀಕರು ಬಂದಾಗ ಟೈಲರ್ ಪುಟ್ಟಲಿಂಗಮ್ಮ ಇಷ್ಟು ದಿನ ಕೆಲಸ ಕೊಟ್ಟಿದ್ದಕ್ಕೆ ಎಲ್ಲರ ಪರವಾಗಿ ಕೃತಜ್ಞತೆ ಹೇಳಬೇಕೆಂದು ಮ್ಯಾನೇಜರ ಅಪ್ಪಣೆಯಾಯಿತು. "ನಗುನಗುತ್ತಾ ಹೇಳಬೇಕು, ತಿಳೀತಾ?"

ಪುಟ್ಟಲಿಂಗಮ್ಮ ನಗುತ್ತಲೇ ಮೈಕು ಹಿಡಿದಳು. "ಸ್ವಾಮಿ, ಮ್ಯಾನೇಜರ್ ಸಾಹೇಬ್ರು ಎಲ್ಲಾ ಬಿಡಿಸಿ ಹೇಳವ್ರೆ. ಅಲ್ಲಿ ಅರ್ಧ ಸಂಬಳಕ್ಕೆ ಟೈಲರ್ ಸಿಕ್ತಾರಂತೆ. ಹಂಗಾದ್ರೆ ಅರ್ಧ ಸಂಬಳಕ್ಕೆ ಮ್ಯಾನೇಜರೂ ಸಿಕ್ತಾರಲ್ವಾ? ನಿಮಗೆ ಇನ್ನೂ ಲಾಭ. ಸಾಹೇಬ್ರೂ ನಮ್ಮಂಗೆ ಮನೇಲಿರ್ತಾರೆ ಅಂತ ನಮಗೂ ಸಮಾಧಾನ. ಅದಕ್ಕೆ ಕೈ ಮುಗೀತೀನಿ."

ಮಾಲೀಕರು ಹುಬ್ಬೇರಿಸಿ, "ಹೌದಲ್ಲ! ಇದು ನನಗೆ ಹೊಳೆದೇ ಇರಲಿಲ್ಲ," ಎಂದು ಮ್ಯಾನೇಜರ ಕಡೆ ತಿರುಗಿದರು.

ವಸಂತರಾಜರ ಮುಖ ಬಿಳಿಚಿಕೊಂಡಿತು. ಒಂದು ಲೋಟ ನೀರು ಕುಡಿದ ಮೇಲೆ ತೊದಲುತ್ತಾ ಅಂದರು: "ಸಾರ್, ಯಾಕೋ ಆ ದೇಶದ ಹವಾ ನಮ್ಮ ಮೆಷಿನ್ನುಗಳಿಗೆ ಆಗಿಬರಲ್ಲ ಅನ್ನಿಸ್ತಿದೆ. ಕಾರ್ಖಾನೆ ಇಲ್ಲೇ ಇರ್ಲಿ ಸಾರ್."