ಕೆಂಡ ಬೂದಿ ಹೊದ್ದುಕೊಂಡದ್ದು

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟಗಳು ಆಗಷ್ಟೇ ತಮ್ಮ ತಮ್ಮ ಜಾಗ ನೋಡಿಕೊಂಡು ಕೂತಿದ್ದವು. ಸಮುದ್ರಕ್ಕೆ ಉಪ್ಪು ಎಷ್ಟು ಹಾಕಬೇಕೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಗಾಳಿ, ಮರ, ಬೆಂಕಿ ಎಲ್ಲವೂ ಮನುಷ್ಯರ ಜೊತೆ ಬಾಯ್ತುಂಬ ಮಾತಾಡುತ್ತಿದ್ದವು.

ಆಗ ಕೆಂಡ ಅನ್ನುವುದೇ ಇರಲಿಲ್ಲ, ಮಗೂ. ಬೆಂಕಿಗೆ ಉರಿಯುವುದೊಂದೇ ಗೊತ್ತಿತ್ತು. ಕಟ್ಟಿಗೆ ಸಿಕ್ಕರೆ ಧಗಧಗ ಉರಿಯುವುದು, ಮುಗಿದರೆ ಪಕ್ಕದ ಪೊದೆಗೆ ಹಾರುವುದು. ಚಿಕ್ಕ ವಯಸ್ಸು, ನಿಂತಲ್ಲಿ ನಿಲ್ಲದ ಕಾಲು. ಪಾಪ, ಅದಕ್ಕೆ ಎಲ್ಲರನ್ನು ಕಂಡರೂ ಆಸೆ. ಯಾರು ಕಂಡರೂ ಓಡಿಹೋಗಿ ತಬ್ಬಿಕೊಳ್ಳುತ್ತಿತ್ತು. ತಬ್ಬಿಕೊಂಡದ್ದೆಲ್ಲ ಸುಟ್ಟು ಕರಕಲಾಗುತ್ತಿತ್ತು. ಹೀಗಾಗಿ ಮೊಲ ಓಡಿತು, ಹಾವು ಓಡಿತು, ಮನುಷ್ಯರಂತೂ ದೂರದಿಂದಲೇ ಕಲ್ಲು ಬೀಸುತ್ತಿದ್ದರು.

ನಾವು ಈಗ ಸೈಪ್ರಸ್ ಎಂದು ಕರೆಯುವ ದ್ವೀಪದ ಒಂದು ಗುಡ್ಡದ ಮೇಲೆ ದೆಸ್ಪೂ ಎಂಬ ಹೆಂಗಸು ಇದ್ದಳು. ಆಡು ಕಾಯುವವಳು. ಬೆಂಕಿಗೆ ಕಲ್ಲು ಹೊಡೆಯದೆ ಇದ್ದವಳು ಆ ಸುತ್ತಿನಲ್ಲಿ ಅವಳೊಬ್ಬಳೇ. ಅವಳ ಜೊತೆಗಿದ್ದದ್ದು ವಯಸ್ಸಾದ ಅಪ್ಪ ಯಕೂಮಿಸ್. ಆ ಚಳಿಗಾಲದಲ್ಲಿ ಅವನಿಗೆ ಜ್ವರ ಬಂದಿತ್ತು. ಜ್ವರವೇನೋ ಹೋಯಿತು, ಹೋಗುವಾಗ ಹಸಿವನ್ನೂ ಕರೆದುಕೊಂಡು ಹೋಯಿತು. ಹಲ್ಲುಗಳು ಅದಕ್ಕೂ ಮುಂಚೆಯೇ ಹೋಗಿದ್ದವು. ಹುರುಳಿಕಾಳಿನ ಗಂಜಿ ಕಂಡರೆ ಮುದುಕ ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದ.

ದೆಸ್ಪೂ ಒಂದು ಆಡಿನ ಮರಿ ಕೊಯ್ದಳು. ಮಾಂಸವನ್ನು ಕೋಲಿಗೆ ಚುಚ್ಚಿ ಬೆಂಕಿಯ ಮುಂದೆ ಹಿಡಿದಳು. ಬೆಂಕಿ ಖುಷಿಯಿಂದ ಎಗರಿ ಅದನ್ನು ತಬ್ಬಿಕೊಂಡಿತು. ಹೊರಗೆಲ್ಲ ಇದ್ದಿಲು, ಒಳಗೆ ಹಸಿ ರಕ್ತ!

ಅಪ್ಪ ಅದನ್ನು ಬಾಯಲ್ಲಿಟ್ಟುಕೊಂಡು, "ಚೆನ್ನಾಗಿದೆ ಮಗಳೇ. ಸ್ವಲ್ಪ ಉಳಿಸು, ನನ್ನ ಚಪ್ಪಲಿಗೂ ತೇಪೆ ಹಾಕಬಹುದು," ಎಂದು ನಕ್ಕ. ಅವಳೂ ನಕ್ಕಳು. ಆಮೇಲೆ ಹಾಸಿಗೆ ಕೊಡವುವಾಗ ನೋಡಿದರೆ, ಆ ತುಂಡು ಚಾಪೆಯ ಅಡಿಯಲ್ಲಿ ಇತ್ತು. ಅವಳಿಗೆ ಬೇಜಾರಾಗಬಾರದೆಂದು ಬಚ್ಚಿಟ್ಟಿದ್ದ. ಅವನ ಮಣಿಕಟ್ಟಿನ ಮೂಳೆ ಎಷ್ಟು ಮೇಲೆದ್ದಿದೆ ಎಂದು ಅವಳು ಕಂಡದ್ದು ಆಗಲೇ. ಹೀಗೇ ಬಿಟ್ಟರೆ ಅಪ್ಪ ಉಳಿಯುವುದಿಲ್ಲ ಎಂದು ಅವಳಿಗೆ ಭಯವಾಯಿತು.

ಮರಿಯದು ಒಂದು ತೊಡೆ ಮಾತ್ರ ಉಳಿದಿತ್ತು. ಮಧ್ಯಾಹ್ನ ಅದನ್ನು ದಪ್ಪ ದಪ್ಪ ತುಂಡು ಮಾಡಿ, ಉಪ್ಪು ಸವರಿ, ಉದ್ದನೆಯ ಆಲಿವ್ ಕೋಲಿಗೆ ಚುಚ್ಚಿಕೊಂಡು ಅವಳು ಬೆಂಕಿಯ ಹತ್ತಿರ ಹೋದಳು.

"ನೋಡು, ಇದು ಕೊನೇದು. ಇವತ್ತು ನೀನು ಕುಣೀಬಾರ್ದು. ಸುಮ್ನೆ ಕೂತ್ಕೋಬೇಕು," ಎಂದಳು.

ಬೆಂಕಿ ಬೆಚ್ಚಿಬಿತ್ತು. "ಕೂತ್ರೆ ಸತ್ತೋಗ್ತೀನಿ ಅಕ್ಕಾ! ನಮ್ಮಣ್ಣ ಮಿಂಚು ಇದ್ದ ನೋಡು, ಒಂದೇ ಒಂದ್ಸಲ ನಿಂತ. ಆಮೇಲೆ ಕಾಣ್ಲೇ ಇಲ್ಲ."

ಸಾಯುವುದಿಲ್ಲ ಬಿಡು ಎಂದು ದೆಸ್ಪೂ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಮಂಡಿಯೂರಿ ಕೂತು, "ಏನಾಗುತ್ತೋ ನಂಗೂ ಗೊತ್ತಿಲ್ಲ ಕಂದಾ. ಆದ್ರೆ ನೀನು ಕೂತಿರೋವರೆಗೂ ನಾನು ಎದ್ದು ಹೋಗಲ್ಲ. ಅಷ್ಟು ಮಾತ್ರ ಹೇಳಬಲ್ಲೆ," ಎಂದಳು.

ಅಲ್ಲಿಯವರೆಗೆ ಯಾರೂ ಬೆಂಕಿಯ ಹತ್ತಿರ ಕೂತವರೇ ಇರಲಿಲ್ಲ. ಅದು ಬಹಳ ಯೋಚಿಸಿತು. ಆಮೇಲೆ ಮೆಲ್ಲಗೆ ಬಗ್ಗಿತು, ಇನ್ನೂ ಬಗ್ಗಿತು, ಕಟ್ಟಿಗೆಯ ಒಳಗೆ ಇಳಿದು ಕೂತೇಬಿಟ್ಟಿತು. ಉರಿ ಹೋಯಿತು. ಕೆಂಪಗೆ, ಮೌನವಾಗಿ ಏನೋ ಒಂದು ಉಳಿಯಿತು. ಲೋಕದ ಮೊದಲ ಕೆಂಡ ಅದು.

ಅಷ್ಟರಲ್ಲಿ ಸಮುದ್ರದ ಕಡೆಯಿಂದ ಗಾಳಿ ಓಡೋಡಿ ಬಂದಿತು. "ಏಯ್ ತಮ್ಮಾ, ಏಳೋ! ಯಾಕೋ ಹಿಂಗೆ ಬಿದ್ದಿದ್ದೀಯಾ? ಬಾ, ಗುಡ್ಡ ಹತ್ತೋಣ!"

ಕೆಂಡ ಗಾಬರಿಯಾಗಿ ಭಗ್ಗೆಂದು ಎದ್ದಿತು. ದೆಸ್ಪೂ ಕೋಲನ್ನು ಮೇಲಕ್ಕೆತ್ತಿ ಹಿಡಿದು, ಇನ್ನೊಂದು ಕೈಯಿಂದ ಹಳೆಯ ಬೂದಿ ಬಾಚಿ, ಅಪ್ಪನಿಗೆ ಕಂಬಳಿ ಹೊದಿಸಿದ ಹಾಗೆ ಅದಕ್ಕೆ ಹೊದಿಸಿದಳು. ಗಾಳಿ ಆ ಕಂಬಳಿ ಎಳೆಯಿತು. ಅವಳು ಮತ್ತೆ ಹೊದಿಸಿದಳು. ಕೊನೆಗೆ ಗಾಳಿಗೇ ಬೇಸರವಾಗಿ ಬೇರೆ ಕಡೆ ಹೋಯಿತು.

ದೆಸ್ಪೂ ಕೋಲನ್ನು ಎತ್ತರದಲ್ಲಿ ಹಿಡಿದು ತಿರುಗಿಸುತ್ತ ಕೂತಳು. ಬೂದಿಯೊಳಗಿಂದ ಸಣ್ಣ ದನಿ ಬಂತು.

"ಅಕ್ಕಾ, ಇದ್ದೀಯಾ?"

"ಇದ್ದೀನಿ."

ಕೋಲು ತಿರುಗಿತು. ಬಿಸಿಲು ಇಳಿಯಿತು. ಬೂದಿ ಒಂದಿಷ್ಟು ಸರಿದು ಕೆಂಪು ಕಣ್ಣೊಂದು ತೆರೆಯಿತು.

"ಅಕ್ಕಾ, ಇದ್ದೀಯಾ?"

"ಇಲ್ಲೇ ಇದ್ದೀನಿ ಕಣೋ."

ಕೋಲು ತಿರುಗಿತು. ಅವಳ ತೋಳು ಸೋತು ಬಂತು. ಆಗ ಗುಡಿಸಲಿನೊಳಗಿಂದ ಅಪ್ಪನ ದನಿ: "ದೆಸ್ಪೂ... ಒಂದಿಷ್ಟು ನೀರು ಕೊಡ್ತೀಯೇನಮ್ಮಾ?"

ಅವಳ ಕಾಲು ತಾನಾಗಿ ಎದ್ದಿತು. ಕೆಂಡ ಬೂದಿಯ ಸಂದಿಯಿಂದ ಅವಳನ್ನೇ ನೋಡಿತು. ಹೋದರೆ ಮಾತು ತಪ್ಪುತ್ತದೆ, ಹೋಗದಿರೋಣವೆಂದರೆ ಅಪ್ಪ ಬಾಯಾರಿ ಮಲಗಿದ್ದಾನೆ. ಅವಳಿಗೆ ಅಳುವೇ ಬಂತು. ಮತ್ತೆ ಕೂತು ಕೂಗಿದಳು: "ಅಪ್ಪಾ, ನಾನು ಏಳೋ ಹಾಗಿಲ್ಲ! ಕೊಡ ಇಲ್ಲೇ ನನ್ನ ಪಕ್ಕ ಇದೆ. ನೀನೇ ಬಾ ಅಪ್ಪಾ!"

ಒಳಗಿನಿಂದ ಊರುಗೋಲಿನ ಸದ್ದು ಕೇಳಿತು. ಇಡೀ ಚಳಿಗಾಲ ಹೊಸಿಲು ದಾಟದ ಮುದುಕ ಬಾಗಿಲು ಹಿಡಿದು ನಿಂತಿದ್ದ. ಗೊಣಗುತ್ತ, ನಿಂತು ನಿಂತು, ಬಂದೇ ಬಂದ. ನೀರು ಕುಡಿದ. ಕೆಂಡವನ್ನು ನೋಡಿ ಹೆದರಿ ಹಿಂದೆ ಸರಿಯಬೇಕು ಎನ್ನುವಷ್ಟರಲ್ಲಿ ಮುಖಕ್ಕೆ ಹಿತವಾದ ಬಿಸಿ ತಾಗಿತು. ಮುದುಕ ಅಲ್ಲೇ ಕೂತ. ನಡುಗುವ ಎರಡೂ ಕೈಗಳನ್ನು ಕೆಂಡದ ಕಡೆಗೆ ಚಾಚಿದ.

ಬೆಂಕಿಯ ಕಡೆಗೆ ಕೈ ಚಾಚಿದವರು ಅದಕ್ಕೂ ಮುಂಚೆ ಯಾರೂ ಇರಲಿಲ್ಲ. ಎದ್ದು ತಬ್ಬಿಕೊಳ್ಳಬೇಕು ಅಂತ ಕೆಂಡಕ್ಕೆ ಎಷ್ಟು ಆಸೆಯಾಯಿತೋ! ಆದರೂ ಬೂದಿಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದು, ಅಲುಗಾಡದೆ ಕೂತಿತು.

"ಕೊಡಿಲ್ಲಿ ಕೋಲನ್ನ, ನಿನ್ನ ಕೈ ನನಗಿಂತ ಹೆಚ್ಚು ನಡುಗ್ತಿದೆ," ಎಂದ ಅಪ್ಪ. ಅವನು ತಿರುಗಿಸಿದ, ಅವಳು ತಿರುಗಿಸಿದಳು. ಕೊಬ್ಬು ತೊಟ್ಟಿಕ್ಕಿ ಕೆಂಡದ ಮೇಲೆ ಚುಂಯ್ ಎಂದಿತು. ಮಾಂಸ ಹೊನ್ನಿನ ಬಣ್ಣಕ್ಕೆ ಬಂದು, ಮುಟ್ಟಿದರೆ ಕಳಚುವಷ್ಟು ಮೆತ್ತಗಾಯಿತು. ಯಕೂಮಿಸ್ ಒಂದು ತುಂಡನ್ನು ಬಾಯಲ್ಲಿಟ್ಟು ಒಸಡಿನಲ್ಲೇ ಅಗಿದ. ನುಂಗಿದ. ತಮಾಷೆ ಮಾಡಲಿಲ್ಲ, ಇನ್ನೊಂದಕ್ಕೆ ಕೈ ಚಾಚಿದ. ದೆಸ್ಪೂ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡಳು.

ಇವತ್ತಿಗೂ ಆ ದ್ವೀಪದವರು ಹಬ್ಬದ ದಿನ ಉದ್ದನೆಯ ಸಲಾಕೆಗೆ ಮಾಂಸ ಚುಚ್ಚಿ, ಕೆಂಡದ ಮೇಲೆ ಎತ್ತರದಲ್ಲಿಟ್ಟು ಮೆಲ್ಲಗೆ ತಿರುಗಿಸುತ್ತಾರೆ. ಅದಕ್ಕೆ ಸೂವ್ಲಾ ಎಂದು ಹೆಸರು. ಉರಿ ಅಡಗಿ ಬೂದಿ ಹೊದೆಯುವವರೆಗೂ ಕಾಯುತ್ತಾರೆ. ತಿರುಗಿಸುವವರು ಎದ್ದು ಹೋಗುವುದಿಲ್ಲ. ಉಳಿದವರೂ ಅಲ್ಲೇ ಸುತ್ತ ನಿಂತು ಹರಟುತ್ತಾರೆ.

ಬೂದಿ ಮುಚ್ಚಿದ ಕೆಂಡ ಎಂದರೆ ಜನ ಏನೇನೋ ಹೇಳುತ್ತಾರೆ, ಒಳಗೆ ಸಿಟ್ಟಿದೆ, ಹುಷಾರು ಅಂತ. ನಾನಂತೂ ಒಪ್ಪುವುದಿಲ್ಲ. ನಮ್ಮ ಒಲೆಯಲ್ಲೇ ನೋಡು ಮಗೂ, ಬೂದಿಯ ಮೇಲೆ ಮೆಲ್ಲಗೆ ಊದು. ಕೆಂಡ ಕೆಂಪು ಕಣ್ಣು ತೆರೆಯುತ್ತದೆ, ಪಕ್ಕದಲ್ಲಿ ನೀನಿದ್ದೀಯಾ ಎಂದು ನೋಡುತ್ತದೆ, ಇದ್ದೀಯ ಎಂದು ಗೊತ್ತಾದ ಮೇಲೆ ಮತ್ತೆ ಬೂದಿ ಹೊದ್ದುಕೊಳ್ಳುತ್ತದೆ.